ಹಳೆ ರೇಸ್ ಟೈರ್ ಬೈಕಿಗೆ ಹಾಕಬಹುದಾ? ಹಾಕುವ ಮುಂಚೆ ಹೀಗೆ ನೋಡಿ

ಹೋದ ಭಾನುವಾರ ಹುಬ್ಬಳ್ಳಿ ನವನಗರದ ನಮ್ಮ ಪಕ್ಕದ ಓಣಿಯ ಹುಡುಗ ಒಂದು ಗೋಣಿಚೀಲ ಹೊತ್ತು ತಂದು ನಮ್ಮ ಅಂಗಳದಲ್ಲಿ ಇಳಿಸಿದ. ಒಳಗೆ ಎರಡು ಟೈರ್. ಅವನ ಕೆಟಿಎಂ ಆರ್‌ಸಿ 390 ಬೈಕಿಗೆ ಸರಿಹೊಂದುವ ಅಳತೆ, ಮುಂದಿನದು 110/70, ಹಿಂದಿನದು 150/60, ಎರಡೂ 17 ಇಂಚು. "ಅಣ್ಣಾ, ರೇಸ್ ಟೈರ್ ಅದಾವ ನೋಡ್ರಿ. ಬೆಂಗಳೂರಾಗ ಒಬ್ರು ಮಾರಾಕತ್ತಿದ್ರು, ಹೊಸಾದ್ರ ಕಾಲು ರೇಟಿಗೆ ಸಿಕ್ಕಾವ. ಗ್ರಿಪ್ ಹಂಗ ಐತಿ. ಹಾಕಿಸ್ಲೇನು?"

ಅವನ ಮುಖದಲ್ಲಿ ಎಷ್ಟು ಖುಷಿ ಇತ್ತು ಅಂದರೆ, ಬೇಡ ಅನ್ನುವುದಕ್ಕೇ ಕಷ್ಟ ಆಯಿತು. ಆದರೂ ಹೇಳಿದೆ. ಸುಮ್ನೆ ಬೇಡ ಅಂದರೆ ಯಾರೂ ಕೇಳುವುದಿಲ್ಲ, ಅದಕ್ಕೆ ಇಬ್ಬರೂ ಕೂತು ಎರಡು ಟೈರನ್ನೂ ತೊಳೆದು, ಒರೆಸಿ, ತಿರುಗಿಸಿ ನೋಡಿದೆವು. ಒಂದೂವರೆ ತಾಸು ಹಿಡಿಯಿತು. ಅವತ್ತು ಅವನಿಗೆ ತೋರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ. ದಿನಾ ಓಡಾಡುವ ರಸ್ತೆಗೆ ಹಳೆ ರೇಸ್ ಟೈರ್ ಬೇಡ, ಹೊಸ ರೇಸ್ ಟೈರೂ ಬೇಡ. ಟ್ರ್ಯಾಕಿಗೆ ಆದರೆ, ಟೈರ್ ಎಷ್ಟು ಹಳೆಯದು, ಎಷ್ಟು ಸಲ ಕಾದು ಆರಿದೆ, ಎಲ್ಲಿ ಇಟ್ಟಿದ್ದರು ಅನ್ನುವ ಮೂರರ ಮೇಲೆ ನಿಂತಿದೆ. ಗ್ರಿಪ್, ಅಂದರೆ ಟೈರಿನ ಮೇಲಿನ ಗೆರೆಗಳ ಆಳ, ಎಷ್ಟು ಉಳಿದಿದೆ ಅನ್ನುವುದು ಇವುಗಳ ನಂತರದ ಮಾತು. ನಮ್ಮಲ್ಲಿ ಎಲ್ಲರೂ ಮೊದಲು ನೋಡುವುದೇ ಗ್ರಿಪ್, ಅಲ್ಲೇ ಮೋಸ ಹೋಗುವುದು.

ಯಾಕೆ ಅಂತ ಹೇಳುತ್ತೇನೆ. ರೇಸ್ ಟೈರಿನ ರಬ್ಬರ್ ಬೇರೆ ಜಾತಿಯದು. ಅದು ಕಾದರೆ ಮಾತ್ರ ನೆಲ ಹಿಡಿಯುತ್ತದೆ. ರೇಸಿನಲ್ಲಿ ಟೈರಿಗೆ ಕಂಬಳಿಯಂಥ ವಾರ್ಮರ್ ಸುತ್ತಿ, ಕರೆಂಟ್ ಕೊಟ್ಟು, 80 ಡಿಗ್ರಿ ಆಸುಪಾಸಿಗೆ ಕಾಯಿಸಿಯೇ ಬೈಕನ್ನು ಹೊರಗೆ ಬಿಡುತ್ತಾರೆ. ಆಮೇಲೆ ಪ್ರತಿ ತಿರುವಿನಲ್ಲೂ ಮಲಗಿಸಿ, ಪ್ರತಿ ಬ್ರೇಕಿಗೂ ಒತ್ತಿ, ಆ ಬಿಸಿ ಇಳಿಯದ ಹಾಗೆ ಓಡಿಸುತ್ತಾರೆ. ನಾವು ಉಣಕಲ್ ಕೆರೆಯಿಂದ ಚನ್ನಮ್ಮ ಸರ್ಕಲ್‌ಗೆ ಹೋಗುವಾಗ ಏನಾಗುತ್ತದೆ? ನಾಲ್ಕು ಕಡೆ ಸಿಗ್ನಲ್, ಆಟೋ, ರಸ್ತೆಗೆ ಅಡ್ಡ ಬರುವ ದನ. ಇಂಥ ಓಡಾಟದಲ್ಲಿ ಆ ರಬ್ಬರ್ ಅದಕ್ಕೆ ಬೇಕಾದ ಬಿಸಿಗೆ ಯಾವತ್ತೂ ಮುಟ್ಟುವುದಿಲ್ಲ. ತಣ್ಣಗಿರುವ ರೇಸ್ ಟೈರಿಗಿಂತ ಸಾಮಾನ್ಯ ರೋಡ್ ಟೈರ್ ನೂರು ಪಾಲು ವಾಸಿ.

ಇದನ್ನು ನಾನು ಎಲ್ಲೋ ಓದಿ ಬರೆಯುತ್ತಿಲ್ಲ. ನಾಲ್ಕು ವರ್ಷದ ಹಿಂದೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಎರಡು ದಿನ ಬೈಕ್ ಓಡಿಸಿ ಬಂದಿದ್ದೆ. ಆ ಟೈರ್ ಬಿಚ್ಚದೆ ಹಾಗೇ ಬಿಟ್ಟಿದ್ದೆ, ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಡಿಸೆಂಬರ್ ತಿಂಗಳು, ಬೆಳಗ್ಗೆ ಏಳಕ್ಕೆ ಧಾರವಾಡದಿಂದ ಹಳಿಯಾಳದ ಕಡೆ ಹೊರಟೆ. ಡಿಸೆಂಬರ್‌ನಲ್ಲಿ ಧಾರವಾಡದ ಬೆಳಗು ಗೊತ್ತಲ್ಲ, 15 ಡಿಗ್ರಿ ಆಸುಪಾಸು, ರಸ್ತೆಯ ಮೇಲೆ ಇಬ್ಬನಿ. ವೇಗ 50 ಕೂಡ ಇರಲಿಲ್ಲ. ಒಂದು ಸಣ್ಣ ಬಲ ತಿರುವಿನಲ್ಲಿ ಹಿಂದಿನ ಚಕ್ರ ಒಂದು ಮಾತೂ ಹೇಳದೆ ಜಾರಿತು. ರೋಡ್ ಟೈರ್ ಜಾರುವ ಮುಂಚೆ ಸ್ವಲ್ಪ ಅಲುಗಾಡಿ ಸೂಚನೆ ಕೊಡುತ್ತದೆ. ಇದು ಗಾಜಿನ ಮೇಲೆ ಸೋಪು ಜಾರಿದ ಹಾಗೆ ಹೋಯಿತು. ಬಲ ಭುಜದ ಕಾಲರ್ ಮೂಳೆ ಮುರಿದು ಆರು ವಾರ ಕೈ ಜೋಳಿಗೆಯಲ್ಲಿತ್ತು. ಎದುರಿಗೆ ಲಾರಿ ಬಂದಿದ್ದರೆ ಇವತ್ತು ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಹಾಗಾದರೆ ಬೇಸಿಗೆಯಲ್ಲಿ ಪರವಾಗಿಲ್ಲವಾ ಅಂತ ಆ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಗಾಳಿಯೇ 37-38 ಡಿಗ್ರಿಗೆ ಹೋಗುತ್ತದೆ, ಮಧ್ಯಾಹ್ನ ಡಾಂಬರು 55-60 ಡಿಗ್ರಿ ಕಾಯುತ್ತದೆ. ಆಗ ಜಾರುವ ಭಯ ಕಡಿಮೆ, ನಿಜ. ಆದರೆ ಆ ಮೆತ್ತನೆ ರಬ್ಬರ್ ಹೆದ್ದಾರಿಯಲ್ಲಿ ನೆಟ್ಟಗೆ ಓಡಿದರೆ ನಡುಭಾಗ ಕೆಲವೇ ದಿನದಲ್ಲಿ ಚಪ್ಪಟೆ ಆಗುತ್ತದೆ. ಅದೇ ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ನಾಲ್ಕಕ್ಕೆ ಮೋಡ ಕಟ್ಟಿ ಅಡ್ಡಮಳೆ ಬರುತ್ತದಲ್ಲ, ಆಗ ಏನು ಮಾಡುತ್ತೀರಿ? ನೀರು ಹೊರಗೆ ಹಾಕುವ ಗೆರೆಗಳು ಈ ಟೈರಲ್ಲಿ ಇರುವುದೇ ನಾಲ್ಕು. ಸ್ಲಿಕ್ ಅನ್ನುವ ನುಣುಪು ರೇಸ್ ಟೈರ್ ಆದರೆ ಅದೂ ಇಲ್ಲ. ಅಣ್ಣಿಗೇರಿ, ನವಲಗುಂದದ ಕಡೆ ಹೋಗಿ ಬಂದವರಿಗೆ ಇನ್ನೊಂದು ವಿಷಯ ಗೊತ್ತು. ಹೊಲದಿಂದ ಟ್ರ್ಯಾಕ್ಟರ್ ರಸ್ತೆಗೆ ಹತ್ತಿದರೆ ಅದರ ಗಾಲಿಗೆ ಮೆತ್ತಿದ ಎರೆ ಮಣ್ಣು ಅರ್ಧ ಕಿಲೋಮೀಟರ್ ತನಕ ರಸ್ತೆಗೆ ಬೀಳುತ್ತದೆ, ಅದರ ಮೇಲೆ ನಾಲ್ಕು ಹನಿ ಬಿದ್ದರೆ ಬೆಣ್ಣೆ ಸವರಿದ ಹಾಗೆ. ಒಳ್ಳೆ ರೋಡ್ ಟೈರೇ ಅಲ್ಲಿ ಹೆದರಿ ಹೋಗುತ್ತದೆ.

ಸರಿ, ಈಗ ಟೈರ್ ನೋಡುವುದು ಹೇಗೆ ಅಂತ ಬರೋಣ.

ಮೊದಲ ಕೆಲಸ ತೊಳೆಯುವುದು. ಇದು ಯಾರೂ ಮಾಡುವುದಿಲ್ಲ. ಮಾರುವವರು ಟೈರಿಗೆ ಕಪ್ಪು ಪಾಲಿಶ್ ಸವರಿರುತ್ತಾರೆ, ಅದು ಸಣ್ಣ ಬಿರುಕುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಬಕೆಟ್ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿ, ಬ್ರಷ್‌ನಿಂದ ಎರಡೂ ಪಕ್ಕ ಉಜ್ಜಿ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಮುಟ್ಟಿಸಬೇಡಿ, ಅವು ರಬ್ಬರನ್ನೇ ತಿನ್ನುತ್ತವೆ. ಒಣಬಟ್ಟೆಯಲ್ಲಿ ಒರೆಸಿ, ಐದು ನಿಮಿಷ ಗಾಳಿಗೆ ಬಿಟ್ಟು, ಆಮೇಲೆ ಹಗಲ ಬೆಳಕಿನಲ್ಲಿ ನೋಡಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ದುಡ್ಡು ಕೊಡಬೇಡಿ.

ಆಮೇಲೆ ತಾರೀಖು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. ಕೆಲವದರಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ, ಕೆಲವದರಲ್ಲಿ ಉದ್ದ ಮೊಟ್ಟೆಯಾಕಾರದ ಚೌಕಟ್ಟಿನ ಒಳಗೆ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2319 ಅಂದರೆ 2019ರ 23ನೇ ವಾರ, ಅಂದರೆ ಜೂನ್. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರ್, ಮುಟ್ಟಲೇಬೇಡಿ. ಈ ಅಂಕಿ ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ಇರುತ್ತದೆ, ಬೈಕಿಗೆ ಹಾಕಿದ್ದಾಗ ಕೆಲವು ಸಲ ಚೈನ್ ಕಡೆ ಮರೆಯಾಗುತ್ತದೆ. ಅದಕ್ಕೆ ಮಾರುವವರ ಹತ್ತಿರ ಫೋಟೋ ಕೇಳುವಾಗ ಟೈರಿನ ಫೋಟೋ ಸಾಲದು, ಆ ನಾಲ್ಕು ಅಂಕಿಯ ಫೋಟೋ ಬೇಕು ಅನ್ನಿ. ಎರಡು ಟೈರಿಗೂ ಬೇರೆ ಬೇರೆ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ.

ನಮ್ಮ ಹುಡುಗನ ಟೈರಿನ ಕಥೆ ಇಲ್ಲೇ ಬಯಲಾಯಿತು. ಹಿಂದಿನದರ ಮೇಲೆ 3822 ಇತ್ತು, 2022ರ ಸೆಪ್ಟೆಂಬರ್. ಮುಂದಿನದರ ಮೇಲೆ ಮಣ್ಣು ಕೂತಿತ್ತು, ಟೂತ್‌ಬ್ರಷ್‌ನಲ್ಲಿ ಉಜ್ಜಿದ ಮೇಲೆ ಕಂಡಿದ್ದು 1117. ಅಂದರೆ 2017ರ ಮಾರ್ಚ್. "ಜೋಡಿ ಟೈರ್" ಅಂತ ಮಾರಿದ್ದ ಎರಡರ ನಡುವೆ ಐದೂವರೆ ವರ್ಷದ ಅಂತರ! ಅವನು ಸುಮಾರು ಹೊತ್ತು ಆ ಅಂಕಿಯನ್ನೇ ನೋಡುತ್ತಾ ಕೂತ. ಅದೂ ಹಳೆಯದಾಗಿದ್ದು ಮುಂದಿನದು. ಹಿಂದಿನ ಚಕ್ರ ಜಾರಿದರೆ ಕೆಲವು ಸಲ ಹಿಡಿದು ನಿಲ್ಲಿಸಬಹುದು, ಮುಂದಿನದು ಜಾರಿದರೆ ಕಣ್ಣು ಮಿಟುಕಿಸುವುದರ ಒಳಗೆ ನೆಲದ ಮೇಲೆ ಇರುತ್ತೀರಿ. ಮುಂದಿನ ಟೈರಿನ ವಿಷಯದಲ್ಲಿ ನಾನು ಯಾವತ್ತೂ ರಾಜಿ ಆಗುವುದಿಲ್ಲ, ನೀವೂ ಆಗಬೇಡಿ.

ಎಷ್ಟು ವರ್ಷ ಆದರೆ ಹಳೆಯದು? ಮಿಶೆಲಿನ್ ಕಂಪನಿ ತನ್ನ ಟೈರುಗಳ ಬಗ್ಗೆ ಹೇಳುವುದು, ಐದು ವರ್ಷ ಬಳಸಿದ ಮೇಲೆ ವರ್ಷಕ್ಕೆ ಒಂದು ಸಲವಾದರೂ ತಿಳಿದವರ ಹತ್ತಿರ ತೋರಿಸಿ, ತಯಾರಾಗಿ ಹತ್ತು ವರ್ಷ ಆದ ಮೇಲೆ ನೋಡಲು ಚೆನ್ನಾಗಿದ್ದರೂ ತೆಗೆಯಿರಿ ಅಂತ. ಆದರೆ ಅದು ರಸ್ತೆಯ ಟೈರಿನ ಲೆಕ್ಕ. ರೇಸ್ ಟೈರಿಗೆ ಅಷ್ಟು ಆಯಸ್ಸು ಕೊಡಬೇಡಿ. ನನ್ನ ಲೆಕ್ಕ ಹೀಗಿದೆ: ತಂಪಾದ ಕತ್ತಲೆ ಕೋಣೆಯಲ್ಲಿ ಇಟ್ಟ, ಒಂದು ಸಲವೂ ಬಳಸದ ಟೈರ್ ಎರಡು ಮೂರು ವರ್ಷ ಆಗಿದ್ದರೂ ಟ್ರ್ಯಾಕಿಗೆ ಹಾಕುತ್ತೇನೆ. ಬಳಸಿದ್ದಾದರೆ, ಯಾರು ಬಳಸಿದ್ದು, ಎಷ್ಟು ಬಳಸಿದ್ದು ಗೊತ್ತಿದ್ದರೆ ಮಾತ್ರ. ಐದು ವರ್ಷ ದಾಟಿದ ರೇಸ್ ಟೈರನ್ನು ಪುಕ್ಕಟೆ ಕೊಟ್ಟರೂ ಹಾಕುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ರೇಸಿನವರು ಹೀಟ್ ಸೈಕಲ್ ಅನ್ನುತ್ತಾರೆ. ಟೈರ್ ಒಂದು ಸಲ ಪೂರ್ತಿ ಕಾದು ಮತ್ತೆ ಪೂರ್ತಿ ಆರಿದರೆ ಅದು ಒಂದು ಸೈಕಲ್. ಟೈರ್ ಮಾಡುವಾಗ ರಬ್ಬರಿಗೆ ಗಂಧಕ ಸೇರಿಸಿ ಬೇಯಿಸುತ್ತಾರೆ, ಆಗ ರಬ್ಬರಿನ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಫ್ಯಾಕ್ಟರಿಯಿಂದ ಹೊರಗೆ ಬಂದ ಮೇಲೂ ಆ ಕೆಲಸ ಪೂರ್ತಿ ನಿಂತಿರುವುದಿಲ್ಲ. ಪ್ರತಿ ಸಲ ಜೋರು ಬಿಸಿ ತಾಗಿದಾಗ ಇನ್ನಷ್ಟು ಕೊಂಡಿ ಬೀಳುತ್ತವೆ, ಮೆತ್ತಗೆ ಇರಲಿ ಅಂತ ಹಾಕಿದ ಎಣ್ಣೆ ಸ್ವಲ್ಪ ಸ್ವಲ್ಪ ಹೊರಗೆ ಹೋಗುತ್ತದೆ. ಮನೆಯ ಉದಾಹರಣೆ ಹೇಳುತ್ತೇನೆ. ಹೆಂಚಿನಿಂದ ಈಗಷ್ಟೇ ತೆಗೆದ ಜೋಳದ ರೊಟ್ಟಿ ಬಟ್ಟೆಯ ಹಾಗೆ ಮಡಚುತ್ತದೆ. ಅದನ್ನೇ ಆರಲು ಬಿಟ್ಟು ಮತ್ತೆ ಹೆಂಚಿಗೆ, ಮತ್ತೆ ಆರಿಸಿ ಮತ್ತೆ ಹೆಂಚಿಗೆ ಹಾಕಿದರೆ ಕಟಕ್ ರೊಟ್ಟಿ ಆಗುತ್ತದೆ, ಅಲ್ವಾ? ಆಕಾರ ಅದೇ, ಅಳತೆ ಅದೇ, ಆದರೆ ಮಡಚಿದರೆ ಮುರಿಯುತ್ತದೆ. ರೇಸ್ ಟೈರೂ ಹಾಗೆಯೇ. ಗ್ರಿಪ್ ಹಾಗೇ ಕಾಣುತ್ತದೆ, ಹಿಡಿತ ಮಾತ್ರ ಹೋಗಿರುತ್ತದೆ.

ಅದಕ್ಕೇ ರೇಸ್ ತಂಡಗಳು ಅರ್ಧಕ್ಕರ್ಧ ಗ್ರಿಪ್ ಇರುವ ಟೈರನ್ನೂ ತೆಗೆದು ಹಾಕುವುದು. ಅವರಿಗೆ ಹುಚ್ಚಲ್ಲ, ದುಡ್ಡು ಜಾಸ್ತಿ ಆಗಿಯೂ ಅಲ್ಲ. ಟ್ರ್ಯಾಕಿಗೆ ಒಂದು ಸಲ ಇಳಿದು ಓಡಿಸಿ ಬಂದರೆ ಅದು ಒಂದು ಸೆಷನ್. ಮೊದಲ ಕೆಲವು ಸೆಷನ್‌ನಲ್ಲಿ ಸಿಕ್ಕ ಹಿಡಿತ ಆಮೇಲೆ ಸಿಗುವುದಿಲ್ಲ ಅಂತ ಗಡಿಯಾರವೇ ತೋರಿಸುತ್ತದೆ. ಆ ಟೈರುಗಳೇ ಮಾರುಕಟ್ಟೆಗೆ ಬಂದು "90 ಪರ್ಸೆಂಟ್ ಗ್ರಿಪ್" ಅಂತ ಮಾರಾಟ ಆಗುವುದು. ಮಾರುವವರನ್ನು ಕೇಳಬೇಕಾದ ಪ್ರಶ್ನೆ ಎಷ್ಟು ಕಿಲೋಮೀಟರ್ ಓಡಿದೆ ಅಂತಲ್ಲ. ಎಷ್ಟು ಸೆಷನ್ ಓಡಿದೆ? ವಾರ್ಮರ್ ಹಾಕುತ್ತಿದ್ದರಾ? ಸೆಷನ್ ನಡುವೆ ವಾರ್ಮರ್ ಹಾಕೇ ಇಟ್ಟಿದ್ದರೆ ಟೈರ್ ಆರುವುದಿಲ್ಲ, ದಿನಕ್ಕೆ ಒಂದೇ ಸೈಕಲ್ ಲೆಕ್ಕ. ಹಾಕದಿದ್ದರೆ ದಿನಕ್ಕೆ ಐದಾರು ಸಲ ಕಾದು ಆರಿರುತ್ತದೆ. ಎರಡೂ ಟೈರ್ ಒಂದೇ ದಿನ ಓಡಿದವು, ಆದರೆ ವಯಸ್ಸು ಒಂದೇ ಅಲ್ಲ.

ಈಗ ಕೈಯಿಂದ ನೋಡುವುದು. ಹೆಬ್ಬೆರಳಿನ ಉಗುರನ್ನು ಟೈರಿನ ಅಂಚಿಗೆ, ತಿರುವಿನಲ್ಲಿ ನೆಲಕ್ಕೆ ತಾಗುವ ಜಾಗಕ್ಕೆ, ಗಟ್ಟಿಯಾಗಿ ಒತ್ತಿ. ಚೆನ್ನಾಗಿರುವ ರೇಸ್ ರಬ್ಬರಲ್ಲಿ ಉಗುರು ಇಳಿಯುತ್ತದೆ, ತೆಗೆದ ಮೇಲೆ ಗುರುತು ನಿಧಾನವಾಗಿ ಮಾಯ ಆಗುತ್ತದೆ. ಸತ್ತ ರಬ್ಬರಲ್ಲಿ ಉಗುರೇ ಬಾಗುತ್ತದೆ. ನಡುವೆ, ಎಡ ಅಂಚು, ಬಲ ಅಂಚು, ಮೂರೂ ಕಡೆ ಒತ್ತಿ, ನಾಲ್ಕಾರು ಜಾಗದಲ್ಲಿ. ನಮ್ಮ ಹುಡುಗನ ಹಿಂದಿನ ಟೈರಲ್ಲಿ ಗುರುತು ಬಿತ್ತು, ಮುಂದಿನದರಲ್ಲಿ ಬೀಳಲಿಲ್ಲ. ಇನ್ನೂ ಸರಿಯಾಗಿ ತಿಳಿಯಬೇಕು ಅಂದರೆ ಡ್ಯೂರೋಮೀಟರ್ ಅಂತ ಕೈಯಲ್ಲಿ ಹಿಡಿಯುವ ಗೇಜ್ ಸಿಗುತ್ತದೆ, ಶೋರ್ ಎ ಅಳತೆಯದು. ರಬ್ಬರಿಗೆ ಒತ್ತಿದರೆ ಗಡಸುತನದ ಅಂಕಿ ತೋರಿಸುತ್ತದೆ. ಅಂಕಿ ಏರಿದಷ್ಟೂ ರಬ್ಬರ್ ಗಡಸು. ಆದರೆ ಬಿಡಿ ಅಂಕಿ ನೋಡಿ ಏನೂ ತಿಳಿಯುವುದಿಲ್ಲ. ಅದೇ ಮಾಡೆಲ್‌ನ ಹೊಸ ಟೈರನ್ನು ಅದೇ ದಿನ, ಅದೇ ನೆರಳಿನಲ್ಲಿ ಅಳೆದು ಹೋಲಿಸಬೇಕು. ಬಿಸಿಲಲ್ಲಿಟ್ಟ ಟೈರ್ ಯಾವಾಗಲೂ ಮೆತ್ತಗೆ ತೋರಿಸುತ್ತದೆ.

ಬಿರುಕು ನೋಡಲು ಟೈರನ್ನು ಮೊಣಕಾಲಿನ ಮಧ್ಯೆ ಹಿಡಿದು, ಎರಡೂ ಅಂಗೈಯಿಂದ ಒತ್ತಿ ರಬ್ಬರನ್ನು ಅಗಲಿಸಿ. ಸುಮ್ಮನೆ ಇಟ್ಟಾಗ ಕಾಣದ ಬಿರುಕು ಆಗ ಬಾಯಿ ತೆರೆಯುತ್ತದೆ. ಗ್ರಿಪ್ ಗೆರೆಗಳ ತಳದಲ್ಲಿ ನೋಡಿ, ಪಕ್ಕದ ಅಕ್ಷರಗಳ ಸುತ್ತ ನೋಡಿ. ಕೂದಲೆಳೆಯಂಥ ಸಣ್ಣ ಬಿರುಕುಗಳ ಬಲೆ ಪಕ್ಕದಲ್ಲಿ ಕಂಡರೆ ಅದು ಗಾಳಿಯಲ್ಲಿನ ಓಝೋನ್ ಮಾಡಿದ ಕೆಲಸ. ರೇಸ್ ಟೈರಿನ ಪಕ್ಕದಲ್ಲಿ ಬಿರುಕು ಅಂದರೆ ಮಾತೇ ಇಲ್ಲ, ಗುಜರಿಗೆ. ಗೆರೆಯ ತಳದಲ್ಲಿ ಬಿರುಕು ಅಂದರೂ ಅಷ್ಟೇ. ಹುಡುಗನ ಮುಂದಿನ ಟೈರಲ್ಲಿ ಎರಡು ಗೆರೆಗಳ ತಳದಲ್ಲಿ ಬಿರುಕು ಇತ್ತು. ಪಾಲಿಶ್ ತೊಳೆಯುವ ಮುಂಚೆ ನನಗೂ ಅದು ಕಂಡಿರಲಿಲ್ಲ.

ಬಣ್ಣದ ಬಗ್ಗೆ ಜನ ಸುಮ್ನೆ ಗಾಬರಿ ಆಗುತ್ತಾರೆ. ಕಂದು ಬಣ್ಣದ ಪೊರೆ ಕಂಡರೆ ಅದು ರೋಗ ಅಲ್ಲ. ಓಝೋನ್‌ನಿಂದ ರಬ್ಬರನ್ನು ಕಾಯಲು ಹಾಕಿದ ರಾಸಾಯನಿಕ ಮೇಲಕ್ಕೆ ಬಂದು ಗಾಳಿಗೆ ಕಂದಾಗಿರುತ್ತದೆ. ನೀಲಿ ಹೊಳಪು, ನೀರ ಮೇಲೆ ಎಣ್ಣೆ ಬಿದ್ದ ಹಾಗೆ ಕಾಣುವುದು, ಅದಕ್ಕೆ ಮಾತ್ರ ಅನುಮಾನ ಪಡಿ. ಟೈರ್ ಜೋರಾಗಿ ಕಾದು ಒಳಗಿನ ಎಣ್ಣೆ ಹೊರಗೆ ಬಂದಿರುವ ಲಕ್ಷಣ ಅದು. ಅದೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ, ಉಗುರು ಒತ್ತಿದ್ದಕ್ಕೂ ತಾರೀಖಿಗೂ ಜೋಡಿಸಿ ನೋಡಿ.

ಟೈರಿನ ಒಳಗೂ ಟಾರ್ಚ್ ಹಾಕಿ ನೋಡಿ. ಪ್ಯಾಚ್ ಇದೆಯಾ, ಪಂಕ್ಚರ್ ಸ್ಟ್ರಿಪ್ಪಿನ ಬಾಲ ಇದೆಯಾ, ಪಕ್ಕದ ಒಳಗೋಡೆಯಲ್ಲಿ ಸುತ್ತಲೂ ಮಡಿಕೆ ಬಿದ್ದ ಗೆರೆ ಅಥವಾ ಕಪ್ಪು ಪುಡಿ ಇದೆಯಾ. ಮಡಿಕೆ, ಪುಡಿ ಇದ್ದರೆ ಗಾಳಿ ಇಲ್ಲದೆ ಓಡಿಸಿದ್ದಾರೆ ಅಂತ ಅರ್ಥ, ಒಳಗಿನ ದಾರಗಳಿಗೆ ಪೆಟ್ಟು ಬಿದ್ದಿರುತ್ತದೆ. ಪಂಕ್ಚರ್ ಹಾಕಿದ ಟೈರ್ ಟ್ರ್ಯಾಕಿಗೆ ಬೇಡವೇ ಬೇಡ. ರಿಮ್ಮಿಗೆ ಕೂರುವ ಒಳ ಅಂಚನ್ನು, ಬೀಡ್ ಅನ್ನುತ್ತಾರಲ್ಲ, ಬೆರಳಲ್ಲಿ ಸುತ್ತಲೂ ಸವರಿ. ರೇಸ್ ಟೈರನ್ನು ಮೇಲಿಂದ ಮೇಲೆ ಹಾಕಿ ತೆಗೆದಿರುತ್ತಾರೆ. ಕಬ್ಬಿಣದ ಪಟ್ಟಿ ಹಾಕಿ ಎತ್ತಿದ್ದರೆ ಅಲ್ಲಿ ರಬ್ಬರ್ ಹರಿದಿರುತ್ತದೆ, ಒಳಗಿನ ತಂತಿ ಬಾಗಿರುತ್ತದೆ. ತಂತಿ ಬಾಗಿದ ಟೈರ್ ಗಾಳಿ ಹಿಡಿದರೂ ನಂಬಬೇಡಿ.

ಸವೆತದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ನಮ್ಮ ದೇಶದ ನಿಯಮದ ಪ್ರಕಾರ ದ್ವಿಚಕ್ರ ವಾಹನದ ಟೈರಿಗೆ ಗ್ರಿಪ್ ಆಳ ಕಡೇಪಕ್ಷ 0.8 ಮಿಲಿಮೀಟರ್ ಇರಬೇಕು. ಗೆರೆಗಳ ಒಳಗೆ ಸಣ್ಣ ದಿಬ್ಬ ಇರುತ್ತದೆ, ಗ್ರಿಪ್ ಅದರ ಮಟ್ಟಕ್ಕೆ ಬಂದರೆ ಮುಗಿಯಿತು. ಸ್ಲಿಕ್‌ನಲ್ಲಿ ಗೆರೆ ಇರುವುದಿಲ್ಲ, ಬದಲಿಗೆ ಸಣ್ಣ ತೂತುಗಳು ಇರುತ್ತವೆ, ಅವು ಮಾಯ ಆದರೆ ರಬ್ಬರ್ ಮುಗಿದ ಹಾಗೆ. ಗೆರೆ ಇಲ್ಲದ ಸ್ಲಿಕ್ ಹಾಕಿ ರಸ್ತೆಗೆ ಇಳಿಯುವುದು ಕಾನೂನಿಗೂ ವಿರುದ್ಧ. ಪಕ್ಕದಲ್ಲಿ ಎನ್‌ಎಚ್‌ಎಸ್ ಅಂತಲೋ, ರೇಸಿಗೆ ಮಾತ್ರ ಅಂತಲೋ ಬರೆದಿದ್ದರೆ ಅದು ಸಾಮಾನ್ಯ ರಸ್ತೆಗೆ ಮಾಡಿದ ಟೈರೇ ಅಲ್ಲ.

ಅಳತೆಯ ಪಕ್ಕದಲ್ಲಿ ಇರುವ ಅಂಕಿ-ಅಕ್ಷರವನ್ನೂ ಓದಿ. 66W ಅಂತ ಇದ್ದರೆ, 66 ಅಂದರೆ ಆ ಟೈರ್ 300 ಕೆಜಿ ಹೊರುತ್ತದೆ, W ಅಂದರೆ ಗಂಟೆಗೆ 270 ಕಿಲೋಮೀಟರ್ ತನಕ ತಡೆಯುತ್ತದೆ. H ಆದರೆ 210, S ಆದರೆ 180. ನಿಮ್ಮ ಬೈಕಿನ ಪುಸ್ತಕದಲ್ಲಿ ಬರೆದಿದ್ದಕ್ಕಿಂತ ಕಡಿಮೆಯದು ಹಾಕಬೇಡಿ. ದಪ್ಪ ಕಾಣಲಿ ಅಂತ ಅಗಲದ ಟೈರನ್ನು ಸಣ್ಣ ರಿಮ್ಮಿಗೆ ತುರುಕಬೇಡಿ. ಅಂಚು ಒಳಗೆ ಸೆಳೆದು ಟೈರಿನ ಆಕಾರವೇ ಕೆಡುತ್ತದೆ, ತಿರುವಿನಲ್ಲಿ ಬೈಕ್ ವಿಚಿತ್ರವಾಗಿ ಮಲಗುತ್ತದೆ.

ಇಷ್ಟೆಲ್ಲ ನೋಡಿ ಪಾಸಾದ ಟೈರನ್ನು ಟ್ರ್ಯಾಕಿನಲ್ಲಿ ಬಳಸುವುದು ಹೇಗೆ? ಮೊದಲ ಮಾತು, ಹಾಕಿಸುವಾಗ ಮೆಷಿನ್ ಇರುವ ಅಂಗಡಿಗೇ ಹೋಗಿ, ಸೋಪಿನ ನೀರು ಚೆನ್ನಾಗಿ ಸವರಿಸಿ, ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೆ ಇದೆಯಾ ನೋಡಿ, ಬ್ಯಾಲೆನ್ಸ್ ಮಾಡಿಸಿ. ಬೀಡ್ ಕೂರಲಿಲ್ಲ ಅಂತ ಪಕ್ಕದಲ್ಲಿ ಬರೆದ ಮಿತಿ ಮೀರಿ ಗಾಳಿ ಹೊಡೆಯಲು ಬಿಡಬೇಡಿ. ಹಾಗೆ ಟೈರ್ ಸಿಡಿದರೆ ಎದುರಿಗೆ ಕೂತವರ ಕೈ ಮುಖ ಉಳಿಯುವುದಿಲ್ಲ.

ಟ್ರ್ಯಾಕಿನಲ್ಲಿ ರೇಸ್ ಟೈರಿಗೆ ಗಾಳಿ ಕಡಿಮೆ ಇಡುತ್ತಾರೆ. ಹಿಂದಿನದಕ್ಕೆ 25 ಪಿಎಸ್‌ಐ ಆಸುಪಾಸು, ಕೆಲವದಕ್ಕೆ ಇನ್ನೂ ಕಡಿಮೆ. ಆಯಾ ಟೈರಿಗೆ ಕಂಪನಿ ಹೇಳಿದ್ದನ್ನೇ ಇಡಿ. ಅದೇ ಗಾಳಿಯಲ್ಲಿ ಮನೆಗೆ ಓಡಿಸಿಕೊಂಡು ಬರಬೇಡಿ. ಹುಬ್ಬಳ್ಳಿಯಿಂದ ಬೆಂಗಳೂರಿಗೇ 400 ಕಿಲೋಮೀಟರ್, ಅಲ್ಲಿಂದ ಕೊಯಮತ್ತೂರಿಗೆ ಇನ್ನೂ 350ರ ಮೇಲೆ. ಕಡಿಮೆ ಗಾಳಿಯಲ್ಲಿ ಬ್ಯಾಗ್ ಹೇರಿಕೊಂಡು ಅಷ್ಟು ದೂರ ಬಂದರೆ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಕಾದು ಹಾಳಾಗುತ್ತದೆ. ಟ್ರ್ಯಾಕಿನ ಟೈರನ್ನು ಪಿಕಪ್‌ನಲ್ಲಿ ಬೇರೆ ಒಯ್ಯಿರಿ, ಇಲ್ಲ ಬೈಕನ್ನೇ ಗಾಡಿಯಲ್ಲಿ ಹೇರಿ. ನಾಲ್ಕು ಜನ ಸೇರಿದರೆ ಖರ್ಚು ಅಷ್ಟೇನೂ ಆಗುವುದಿಲ್ಲ.

ವಾರ್ಮರ್ ಇಲ್ಲದಿದ್ದರೆ ಮೊದಲ ಎರಡು ಮೂರು ಸುತ್ತು ನಿಧಾನ. ಮಲಗಿಸುವುದು ಮೆಲ್ಲಮೆಲ್ಲಗೆ ಹೆಚ್ಚಿಸಿ. ಬೈಕನ್ನು ಎಡಬಲ ಅಲುಗಾಡಿಸಿದರೆ ಟೈರ್ ಕಾಯುತ್ತದೆ ಅನ್ನುವುದು ಸುಳ್ಳು, ನೆಟ್ಟಗಿದ್ದಾಗ ಬ್ರೇಕ್ ಒತ್ತುವುದು, ಆಕ್ಸಿಲರೇಟರ್ ಕೊಡುವುದರಿಂದಲೇ ಬಿಸಿ ಹುಟ್ಟುವುದು. ಸೆಷನ್ ಮುಗಿಸಿ ಬಂದ ತಕ್ಷಣ ಗಾಳಿ ಅಳೆಯಿರಿ. ತಣ್ಣಗಿದ್ದಾಗ ಇದ್ದದ್ದಕ್ಕಿಂತ ಮೂರ್ನಾಲ್ಕು ಪಿಎಸ್‌ಐ ಏರಿರಬೇಕು. ಅಂಗೈ ಇಟ್ಟು ನೋಡಿ, ಜಾಸ್ತಿ ಹೊತ್ತು ಇಟ್ಟುಕೊಳ್ಳಲು ಆಗಬಾರದು. ಗಾಳಿ ಏರಿಲ್ಲ, ಟೈರ್ ಬರೀ ಬೆಚ್ಚಗಿದೆ ಅಂದರೆ ನೀವು ಓಡಿಸುವ ವೇಗ ಆ ಟೈರಿಗೆ ಸಾಲುತ್ತಿಲ್ಲ. ಅದರಲ್ಲಿ ನಾಚಿಕೆ ಏನಿಲ್ಲ, ಹೊಸಬರಿಗೆ ಒಳ್ಳೆ ರೋಡ್ ಸ್ಪೋರ್ಟ್ ಟೈರೇ ಟ್ರ್ಯಾಕಿನಲ್ಲೂ ಜಾಸ್ತಿ ನಂಬಿಕೆ ಕೊಡುತ್ತದೆ. ಟೈರ್ ಸರಿಯಾಗಿ ಕಾದಿದ್ದೂ ಹಿಂದಿನ ಚಕ್ರ ಅದೇ ತಿರುವಿನಲ್ಲಿ ಪದೇ ಪದೇ ಜಾರುತ್ತಿದ್ದರೆ, ರಬ್ಬರಿನ ಮೇಲ್ಮೈ ಒಣಗಿದ ಕೆರೆಯ ತಳದ ಹಾಗೆ ಒಡೆದು ಕಂಡರೆ, ಆ ಟೈರಿನ ಆಟ ಮುಗಿದಿದೆ. ಇನ್ನೊಂದು ಸೆಷನ್ ಅಂತ ಆಸೆ ಮಾಡಬೇಡಿ.

ಇಟ್ಟುಕೊಳ್ಳುವ ವಿಷಯ. ನಮ್ಮ ಕಡೆ ಟೈರ್ ಹಾಳಾಗುವುದು ಓಡಿ ಅಲ್ಲ, ತಗಡಿನ ಶೆಡ್ಡಿನಲ್ಲಿ ಕೂತು. ಮಾರ್ಚ್‌ನಿಂದ ಮೇ ತನಕ ತಗಡಿನ ಕೆಳಗೆ ಒಲೆಯ ಹಾಗೆ ಕಾಯುತ್ತದೆ, ರಾತ್ರಿ ಆರುತ್ತದೆ. ಮನೆಯ ಒಳಗೆ, ಮಂಚದ ಕೆಳಗೋ ಕತ್ತಲೆ ಕೋಣೆಯಲ್ಲೋ, ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಇಡಿ. ವೆಲ್ಡಿಂಗ್ ಮಾಡುವ ಜಾಗ, ಕಿಡಿ ಹಾರುವ ಮೋಟರ್ ಇರುವ ಜಾಗದಲ್ಲಿ ಬೇಡ. ಅಂಥ ಕಿಡಿಯಿಂದ ಓಝೋನ್ ಹುಟ್ಟುತ್ತದೆ, ಅದು ರಬ್ಬರನ್ನು ಸೀಳುತ್ತದೆ. ಇಂಜಿನ್ ಆಯಿಲ್, ಪೆಟ್ರೋಲ್ ಡಬ್ಬಿ ಪಕ್ಕದಲ್ಲೂ ಬೇಡ. ಬಿಡಿ ಟೈರನ್ನು ನಿಲ್ಲಿಸಿ ಇಡಿ, ತಿಂಗಳಿಗೊಮ್ಮೆ ತಿರುಗಿಸಿ. ಚೀಲದ ಮೇಲೆ ಒಂದು ಚೀಟಿ ಅಂಟಿಸಿ: ಯಾವ ವಾರದ್ದು, ಎಷ್ಟು ಸೆಷನ್ ಆಗಿದೆ. ನಾನು ಪ್ರತಿ ಟೈರಿಗೂ ಬರೆದಿಡುತ್ತೇನೆ, ಇಲ್ಲದಿದ್ದರೆ ಆರು ತಿಂಗಳಲ್ಲಿ ಮರೆತೇ ಹೋಗುತ್ತದೆ.

ರಸ್ತೆಗೆ ಏನು ಹಾಕಬೇಕು ಅಂತ ಕೇಳುವವರಿಗೆ: ಸ್ಪೋರ್ಟ್ ಟೂರಿಂಗ್ ಅಥವಾ ರೋಡ್ ಸ್ಪೋರ್ಟ್ ರೇಡಿಯಲ್. ಅವುಗಳ ರಬ್ಬರಲ್ಲಿ ಸಿಲಿಕಾ ಹಾಕಿರುತ್ತಾರೆ, ತಣ್ಣಗಿದ್ದಾಗಲೂ ಒದ್ದೆ ರಸ್ತೆಯಲ್ಲೂ ಹಿಡಿಯುತ್ತದೆ. ಎಂಆರ್‌ಎಫ್, ಅಪೋಲೋ, ಟಿವಿಎಸ್ ಯೂರೋಗ್ರಿಪ್ ಇವೆಲ್ಲ ನಮ್ಮಲ್ಲೇ ಸಿಗುತ್ತವೆ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವವರು ಮಳೆಗಾಲದಲ್ಲಿ ಇಂಥ ಟೈರ್ ಇದ್ದರೆ ಮಾತ್ರ ಹೊರಡಿ. ಕೊಳ್ಳುವಾಗ ಇಲ್ಲೂ ಆ ನಾಲ್ಕು ಅಂಕಿ ನೋಡಿ, ಅಂಗಡಿಯಲ್ಲೇ ಮೂರು ವರ್ಷ ಕೂತ ಟೈರಿಗೆ ಹೊಸದರ ದುಡ್ಡು ಕೊಡಬೇಡಿ. ಹೊಸ ಟೈರ್ ಹಾಕಿದ ಮೊದಲ ನೂರು ನೂರೈವತ್ತು ಕಿಲೋಮೀಟರ್ ಸಮಾಧಾನದಿಂದ ಓಡಿಸಿ, ಮೇಲಿನ ನುಣುಪು ಹೋಗಲಿ.

ನಮ್ಮ ಹುಡುಗ ಕೊನೆಗೆ ಹಿಂದಿನ ಟೈರ್ ಮಾತ್ರ ಇಟ್ಟುಕೊಂಡ, ಟ್ರ್ಯಾಕ್ ಅಭ್ಯಾಸಕ್ಕೆ. ಅದಕ್ಕೆ ಹೊಸ ಮುಂದಿನದು ಕೊಂಡ ಮೇಲೆಯೇ ಹೋಗುತ್ತೇನೆ ಅಂದ. 2017ರ ಟೈರನ್ನು ಏನು ಮಾಡುವುದು ಅಂತ ಬಂತು. ಬೇರೆಯವರಿಗೆ ಮಾರಿ ದುಡ್ಡು ವಾಪಸ್ ತೆಗೆಯಲಾ ಅಂದ, ನಾನು ಅವನ ಮುಖವನ್ನೇ ನೋಡಿದೆ, ಅವನೇ "ಬ್ಯಾಡ ಬಿಡ್ರಿ ಅಣ್ಣಾ" ಅಂದ. ಗುಜರಿಗೆ ಹಾಗೇ ಕೊಟ್ಟರೂ ಯಾರಾದರೂ ಪಾಲಿಶ್ ಹಚ್ಚಿ ಮತ್ತೆ ಮಾರಬಹುದು. ಸುಡಲಂತೂ ಬಾರದು, ಆ ಕಪ್ಪು ಹೊಗೆ ಇಡೀ ಓಣಿಯ ಎದೆಗೆ ಹೋಗುತ್ತದೆ. ಗರಗಸ ತಂದು ಟೈರಿನ ಪಕ್ಕದ ಗೋಡೆಯನ್ನು ಎರಡು ಕಡೆ ಕೊಯ್ದೆವು. ನಾಲ್ಕು ದಿನದ ಮೇಲೆ ಅವರ ದೊಡ್ಡಪ್ಪ ಅಣ್ಣಿಗೇರಿಯಿಂದ ಬಂದಿದ್ದರು, ಹೊಟ್ಟಿನ ಬಣವೆಯ ತಾಡಪತ್ರಿ ಗಾಳಿಗೆ ಹಾರಬಾರದು ಅಂತ ಅದನ್ನು ಗಾಡಿಯಲ್ಲಿ ಹಾಕಿಕೊಂಡು ಹೋದರು.